ಬಣ್ಣ ನೋಡಲು ತೆಗೆದ ಫೋಟೋ

ಹಿಮಾಯತ್‌ನಗರದ ನಮ್ಮ ಅಂಗಡಿಯಲ್ಲಿ ಸೀರೆ ಮಾರುವ ಗಂಡಸರು ಮೊದಲು ಅದನ್ನು ತಮ್ಮ ಮೈಮೇಲೆ ಉಟ್ಟು ತೋರಿಸುತ್ತಾರೆ. ಅಂಗಿಯ ಮೇಲೆ ಸೆರಗು, ಬೆಲ್ಟಿನೊಳಗೆ ನೆರಿಗೆ. ಹೆಂಗಸರು ನಗುತ್ತಾರೆ, ಸೀರೆ ಮಾರಾಟವಾಗುತ್ತದೆ.

ಶಿವಗಂಗಾ ನನ್ನನ್ನು ನೋಡಿ ಮೊದಲ ಸಲ ನಕ್ಕಿದ್ದೂ ಹಾಗೆಯೇ. ಹೋದ ವರ್ಷ ತಂಗಿ ಐಶ್ವರ್ಯಾಳ ಕಾಲೇಜ್ ಡೇಗೆ ಸೀರೆ ಕೊಳ್ಳಲು ಬಂದಿದ್ದಳು. ಈ ತೆಲುಗು ಊರಿನ ಅಂಗಡಿಯವನಿಗೆ ಕನ್ನಡ ಬಾರದು ಅಂದುಕೊಂಡು ತಂಗಿಯ ಕಿವಿಯಲ್ಲಿ, “ನಮಗಿಂತ ಇವಗ ಚಂದ ಕಾಣತೈತಿ. ಇವನ ಇಟ್ಕೊಳ್ಳಲಿ ಬಿಡ,” ಅಂದಳು.

“ಇಟ್ಕೋತಿದ್ದೆ ರೀ,” ಅಂದೆ. “ನೆರಿಗಿ ಹಿಡ್ಯಾಕ ಯಾರೂ ಇಲ್ಲ.”

ಅವಳು ನಾಲಿಗೆ ಕಚ್ಚಿಕೊಂಡಳು. ತಂಗಿ ಬಿದ್ದು ಬಿದ್ದು ನಕ್ಕಳು. ನನ್ನ ಕಥೆ ಅಲ್ಲಿಂದ ಶುರು.

ಆಮೇಲೆ ಭಾನುವಾರಗಳು ಬಂದವು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಅವಳು ತಂಗಿಗಾಗಿ ಹಳೆಯ ಪುಸ್ತಕ ಹುಡುಕುತ್ತಿದ್ದಳು, ನಾನು ಹೊರುತ್ತಿದ್ದೆ. “ಕಲ್ಲೇಶಾ, ಒಂದರ ತಗದು ಓದು,” ಅಂತ ಕಾಡುತ್ತಿದ್ದಳು. “ನಿನ್ನ ಮುಖ ಓದಾಕ ಟೈಮ್ ಸಾಲವಲ್ದು,” ಅನ್ನುತ್ತಿದ್ದೆ. ಅವಳು ಪುಸ್ತಕದಿಂದಲೇ ನನ್ನ ತೋಳಿಗೆ ಹೊಡೆಯುತ್ತಿದ್ದಳು. ಆ ಏಟಿಗಾಗಿ ನಾನು ಇಡೀ ವಾರ ಕಾಯುತ್ತಿದ್ದೆ.

ಅವಳಪ್ಪ ಭೀಮಾಶಂಕರ ಆಫೀಸಿನಲ್ಲಿ ಸಂಬಳದ ಮನುಷ್ಯ. ನಾವು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನನ್ನಪ್ಪ ಎಂಟನೇ ಕ್ಲಾಸಿನಲ್ಲಿ ನನ್ನ ಹೆಗಲಿನ ಪಾಟಿಚೀಲ ಇಳಿಸಿ ತಲೆಯ ಮೇಲೆ ಇಟ್ಟಿಗೆ ಇಟ್ಟ. ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಅವಳಿಗೆ ಸಂಬಂಧ ಬಂದಾಗ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: “ಅಪ್ಪಗ ನಾನ ಹೇಳ್ತೀನಿ. ಏನಂತಾರ ಅನ್ನೂದು ನಾನ ಬಂದು ತಿಳಸ್ತೀನಿ. ಅಲ್ಲೀತನಾ ಸುಮ್ನಿರು.”

ಸುಮ್ಮನಿದ್ದೆ. ಅವಳು ಬಂದಳು. ಜೊತೆಗೆ ಅವಳಪ್ಪನೂ ಇದ್ದ, ಗಂಡಿನ ತಂಗಿ ಲಹರಿಯೂ ಇದ್ದಳು. ಮದುವೆ ಸೀರೆ ಕೊಳ್ಳಲು.

ಬೇರೆ ಕೌಂಟರುಗಳು ಖಾಲಿ ಇದ್ದವು. ಭೀಮಾಶಂಕರ ನೆಟ್ಟಗೆ ನನ್ನ ಮುಂದೆ ಬಂದು ಕುಳಿತ.

“ನೀನ ತೋರಸಪ್ಪ ತಮ್ಮಾ. ನೀ ಭಾಳ ಚೊಲೋ ತೋರಸ್ತಿ ಅಂತ ಕೇಳೀನಿ.”

ಅವನಿಗೆ ಎಲ್ಲ ಗೊತ್ತು ಅಂತ ಆ ದನಿಯಲ್ಲೇ ತಿಳಿಯಿತು. ಶಿವಗಂಗಾ ತಲೆ ಎತ್ತಲಿಲ್ಲ.

ಸೀರೆ ಒಂದೊಂದಾಗಿ ಬಿಚ್ಚಿದೆ. ಸಿಟ್ಟು ಕೈಗಿಳಿದು, ರೇಷ್ಮೆ ಗಾದಿಯ ಮೇಲೆ ಪಟ್ ಪಟ್ ಅಂತ ಬೀಳುತ್ತಿತ್ತು. ದೂರದಿಂದ ಮಾಲೀಕ ಸೇಠ್, ಮೆಲ್ಲಗೆ ಬಿಚ್ಚು ಅಂತ, “ಆಹಿಸ್ತಾ, ಕಲ್ಲೇಶ್!” ಎಂದು ಕೂಗಿದ.

ಲಹರಿ ಸೀರೆ ನೋಡಲೇ ಇಲ್ಲ, ಫೋನ್ ನೋಡಿದಳು. ಗಿರಾಕಿಗಳಿಗೆಂದೇ ಸೇಠ್ ಮೂಲೆಯಲ್ಲಿ ರಿಂಗ್ ಲೈಟ್ ನಿಲ್ಲಿಸಿದ್ದಾನೆ. ಅತ್ತಿಗೆಯಾಗುವ ಶಿವಗಂಗಾಳನ್ನು ಅದರ ಮುಂದೆ ನಿಲ್ಲಿಸಿ, ಪ್ರತಿ ಸೆರಗನ್ನೂ ಅವಳ ಹೆಗಲಿಗೆ ಹಾಕಿಸಿ ಫೋಟೋ ಹೊಡೆದಳು.

“ನೇರಳಿ ಬ್ಯಾಡ ವೈನಿ, ಫೋನಿನ್ಯಾಗ ನೀಲಿ ಬರತೈತಿ. ಇದು ಭಾಳ ಮಿಂಚತೈತಿ, ಫ್ಲಾಶ್ ಬಿದ್ರ ಮುಖಾನ ಕಾಣಂಗಿಲ್ಲ. ಕಣ್ಣಿಗೆ ಚಂದ ಇದ್ರ ಏನ್ ಮಾಡೂದು? ಮದುವಿಗೆ ಬರಾವ್ರು ಐನೂರು ಮಂದಿ, ರೀಲ್ ನೋಡಾವ್ರು ಸಾವಿರಾರು ಮಂದಿ!”

ಕೊನೆಗೆ ದಾಳಿಂಬೆ ಬಣ್ಣದ ಕಂಚಿ ಸೀರೆ ಬಂತು. ಅದನ್ನು ಹೆಗಲಿಗೆ ಹಾಕಿದೊಡನೆ ಶಿವಗಂಗಾಳ ಕಪ್ಪು ಮೈಗೆ ದೀಪ ಹತ್ತಿದಂತಾಯಿತು. ಲಹರಿ ಹಿಗ್ಗಿದಳು. ಓಡಿಹೋಗಿ ಗಂಡಸರ ವಿಭಾಗದಿಂದ ಕೆನೆಬಣ್ಣದ ಶೇರ್ವಾನಿಯೊಂದನ್ನು ತಂದಳು.

“ಅಣ್ಣಾರ, ನೀವು ನಮ್ಮ ವಾಸಣ್ಣನಷ್ಟ ಎತ್ತರ ಅದೀರಿ. ಇದನ್ನ ಹಾಕ್ಕೊಂಡು ವೈನಿ ಬಾಜು ನಿಂದರ್ರಿ. ಎರಡೂ ಬಣ್ಣ ಕೂಡಿ ಹೆಂಗ ಬರತಾವ ನೋಡೂಣು. ಮುಖ ಕಟ್ ಮಾಡಿ ಕಳಸ್ತೀನಿ, ಹೆದರಬ್ಯಾಡ್ರಿ!”

ನಾನು ಅಲುಗಲಿಲ್ಲ.

“ನಿಂದರಪ್ಪ,” ಅಂದ ಭೀಮಾಶಂಕರ, ಚಹಾ ಊದುತ್ತ. “ನಿನ್ನ ಕೆಲಸ ಅಲ್ಲೇನು?”

ಹಾಕಿಕೊಂಡೆ. ಗುಂಡಿ ಹಾಕುವಾಗಲೇ ನಿರ್ಧರಿಸಿದೆ: ಇಲ್ಲೇ, ಈ ಬೆಳಕಿನಲ್ಲೇ, ಎಲ್ಲರೆದುರು ಕೂಗಿ ಹೇಳುತ್ತೇನೆ. ಕೆಲಸ ಹೋಗಲಿ, ಸೇಠ್ ಹೊಡೆಯಲಿ. ಇವಳು ನನ್ನವಳು ಅಂತ ಇಡೀ ಅಂಗಡಿಗೆ ಕೇಳಲಿ.

ಲಹರಿ ಪುಣೆಯಲ್ಲಿದ್ದ ಅಣ್ಣನಿಗೆ ಕರೆ ಹಚ್ಚಿ ಮಾತಾಡುತ್ತಿದ್ದಳು. ಶಿವಗಂಗಾಳ ತೋಳು ನನ್ನ ತೋಳಿಗೆ ತಾಕಿತು. ಹೂವಿಲ್ಲ, ಬಾಸಿಂಗವಿಲ್ಲ. ಆದರೂ ಎದುರಿನ ಕನ್ನಡಿಯಲ್ಲಿ ಮದುಮಕ್ಕಳಿದ್ದರು.

“ಈಗ ಹೇಳಿಬಿಡ್ತೀನಿ,” ಅಂದೆ, ತುಟಿ ಅಲುಗಿಸದೆ.

“ಬ್ಯಾಡ.”

“ಹೆದರಿಕಿ ಏನ?”

“ನಾ ಹೇಳಿದೆ ಕಲ್ಲೇಶಾ. ಎಲ್ಲಾ ಹೇಳಿದೆ. ಅಪ್ಪ ಬೈಲಿಲ್ಲ. ಹೋಗು ಅಂದ್ರು. ನೀ ಹೋದ ದಿನಾ ಐಶ್ವರ್ಯಾನ ಕಾಲೇಜ್ ಬಿಡಸ್ತೀನಿ ಅಂದ್ರು. ಒಬ್ಬಾಕಿ ಕಲ್ತು ಹಿಂಗಾದ್ಲು, ಇನ್ನೊಬ್ಬಾಕಿ ಮನ್ಯಾಗ ಇರಲಿ ಅಂದ್ರು.”

“ಅಂಜಸಾಕ ಅಂದಾರ.”

“ಫೀ ಕಟ್ಟೂ ದಿನಾ ಹ್ವಾದ ವಾರ ಮುಗೀತು. ಕಟ್ಟಿದ್ದಿಲ್ಲ. ನಾ ಮದುವಿಗೆ ಹ್ಞೂಂ ಅಂದ ಮ್ಯಾಲ ಹೋಗಿ ದಂಡ ತುಂಬಿ ಕಟ್ಟಿ ಬಂದ್ರು.” ಅವಳು ಹೆಗಲ ಮೇಲಿನ ಸೆರಗು ಸರಿಮಾಡಿಕೊಂಡಳು. “ಕೂಗತಿದ್ರ ಕೂಗು. ನಾ ನಿನ್ನ ಕೈ ಹಿಡಕೊಂಡು ಈಗ ಹೊಂಡ್ತೀನಿ. ಆದ್ರ ಆಕಿಗೆ ಏನ್ ಹೇಳ್ಲಿ, ಅದನ್ನ ನೀನ ಹೇಳು.”

ಬಾಯಿ ತೆರೆದೆ. ಕೂಗದೆ ಮುಚ್ಚಿದೆ. ಬೇರೆ ಯಾವ ಮಾತು ಅಂದಿದ್ದರೂ ಒದ್ದು ದಾಟುತ್ತಿದ್ದೆ. ಜಾತಿ ಅಂದಿದ್ದರೆ, ರೊಕ್ಕ ಅಂದಿದ್ದರೆ, ಆ ಚಹಾದ ಕಪ್ಪು ಒಡೆದು ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಆದರೆ ಶಾಲೆಯ ಬಾಗಿಲು ಮುಚ್ಚಿಸಿಕೊಂಡವನ ಮುಂದೆ ಇನ್ನೊಬ್ಬಳ ಬಾಗಿಲು ಇಟ್ಟರು. ಅದನ್ನು ನನ್ನ ಕೈಯಿಂದ ಮುಚ್ಚುವುದು ನನ್ನಿಂದ ಆಗಲಿಲ್ಲ.

“ರೆಡಿ?” ಲಹರಿ ಫೋನ್ ಎತ್ತಿದಳು. “ವೈನಿ, ನಗ್ರಿ! ಅಣ್ಣಾರ, ನೀವೂ ಸ್ವಲ್ಪ. ಯಾರಿಗೆ ಹೊಡ್ಯಾಕ ನಿಂತೀರಿ?”

ಶಿವಗಂಗಾ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದರೂ, ಆ ಮೊದಲ ದಿನ ತಂಗಿಯ ಕಿವಿಯಲ್ಲಿ ಪಿಸುಗುಟ್ಟುವಾಗ ಇದ್ದ ತುಂಟ ಮುಖ ಮಾಡಿದಳು. ನಾನೂ ನಕ್ಕೆ. ಬೇಕೆಂದು ನಗಲಿಲ್ಲ, ಅವಳು ನಕ್ಕರೆ ನನಗೆ ನಗು ಬಂದುಬಿಡುತ್ತದೆ.

ಲಹರಿ ಬಣ್ಣ ನೋಡಲು ಫೋಟೋ ದೊಡ್ಡದು ಮಾಡಿದಳು. ಬೆರಳು ಸೀರೆಯಿಂದ ಮೇಲೇರಿ ಮುಖಗಳ ಮೇಲೆ ನಿಂತಿತು. ಒಮ್ಮೆ ವೈನಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನನ್ನ ತಲೆ, ಅವಳ ತಲೆ ಎರಡನ್ನೂ ಕತ್ತರಿಸಿ ಉಳಿದದ್ದನ್ನು ಕಳಿಸಿದಳು.

ಪುಣೆಯಿಂದ ಉತ್ತರ ಬಂತು: ಸೂಪರ್, ಫೈನಲ್.

“ಮಾಮಾರ,” ಅಂದಳು ಲಹರಿ ಭೀಮಾಶಂಕರನಿಗೆ. ದನಿಯಲ್ಲಿ ಮೊದಲಿನ ಕಿಲಕಿಲ ಇರಲಿಲ್ಲ. “ನಾವು ಕೆಳಗ ಹೋಗಿ ಬಿಲ್ ಮಾಡಸೂಣು ಬರ್ರಿ. ಸೀರಿ ಮಡಚಿಸ್ಕೊಂಡು ವೈನಿ ಬರ್ತಾರ.”

ಅವನು ಎದ್ದ. ಮೆಟ್ಟಿಲ ತನಕ ಹೋಗಿ ನಿಂತ. ಇಳಿಯಲಿಲ್ಲ. ನಮ್ಮ ಕಡೆ ಬೆನ್ನು ಮಾಡಿ ಮೆಟ್ಟಿಲ ಕಂಬಿ ಹಿಡಿದು ನಿಂತುಕೊಂಡ. ಆ ಬೆನ್ನನ್ನು ಬೈಯಲು ನನಗೆ ಒಂದು ಮಾತೂ ಸಿಗಲಿಲ್ಲ.

ಉದ್ದ ಸೀರೆಯನ್ನು ಸುಕ್ಕಾಗದಂತೆ ಮಡಚಲು ಇಬ್ಬರು ಬೇಕು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ. ಅಂಗಡಿಯ ಆ ಗೋಡೆಯಿಂದ ಈ ಗೋಡೆಯ ತನಕ ದಾಳಿಂಬೆ ಬಣ್ಣ ಹರಡಿತು.

“ಸೆರಗು ಬಿಗೀ ಹಿಡಿ,” ಅಂದೆ.

“ಹಿಡದೀನಿ.”

ಅವಳು ತನ್ನ ತುದಿಯನ್ನು ಹಿಡಿದು ನನ್ನ ಕಡೆ ನಡೆದು ಬಂದಳು. ತುದಿ ನನ್ನ ಕೈಗೆ ಕೊಟ್ಟು, ಕೆಳಗೆ ಜೋತ ಮಡಿಕೆ ಎತ್ತಿಕೊಂಡು ಹಿಂದೆ ಸರಿದಳು. ಮೊದಲಿನಷ್ಟು ದೂರ ಹೋಗಲು ಸೀರೆ ಬಿಡಲಿಲ್ಲ. ಮತ್ತೆ ಬಂದಳು.

“ನಾ ಇದರಾಗ ಚಂದ ಕಾಣ್ತೀನೇನು?”

“ಫೋಟೋದಾಗ ನೋಡೀದಿ ಅಲ್ಲ?”

“ಅದು ಅವರಿಗೆ. ನಿನ್ನ ಕೇಳಾಕತ್ತೀನಿ.”

“ಕಾಣ್ತಿ,” ಅಂದೆ. “ಭಾಳ ಚಂದ ಕಾಣ್ತಿ, ಗಂಗೂ. ಸುಟ್ಟ ಹಾಕ್ಬೇಕು ಅನ್ನೂವಷ್ಟು ಚಂದ.”

“ಸೀರಿನೋ, ನನ್ನೋ?”

“ಅಂಗಡೀನ.”

ನಕ್ಕಳು. ನಗುತ್ತಲೇ ಅತ್ತಳು. ಕಣ್ಣೀರು ರೇಷ್ಮೆಗೆ ತಾಕದಂತೆ ಮುಖ ಪಕ್ಕಕ್ಕೆ ಹೊರಳಿಸಿದಳು. ಮತ್ತೊಂದು ಮಡಿಕೆಗೆ ಅವಳ ಬೆರಳು ನನ್ನ ಬೆರಳ ಮೇಲೆ ಬಂದು ನಿಂತವು. ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ನಮ್ಮ ನಡುವೆ ಒಂದು ಗೇಣು ಸೀರೆ ಉಳಿದಿತ್ತು.

ಇನ್ನೊಂದು ಮಡಿಕೆ ಬಾಕಿ ಇತ್ತು. ಅದಕ್ಕೆ ಇಬ್ಬರು ಬೇಕಾಗಿರಲಿಲ್ಲ.