ಅಬ್ರಾರನ ಅನುಮಾನಗಳು

ಕರಜಗಿಯ ಗಂಡಸರನ್ನೆಲ್ಲ ಗುಲಫಶಾ ‘ಭಾಯಿ’ ಅಂತಲೇ ಕರೆಯುತ್ತಿದ್ದಳು, ಅಬ್ರಾರನೊಬ್ಬನನ್ನು ಬಿಟ್ಟು. ಅವನಿಗೆ ಬರೀ ‘ನೋಡ್ರಿ’. ಯಾಕೆ ಅಂತ ಅವಳನ್ನು ಕೇಳಿ ಉಪಯೋಗವಿಲ್ಲ, ಪಾಪ, ಅವಳಿಗೇ ಗೊತ್ತಿರಲಿಲ್ಲ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಬೇಡಿ ಎಂದು ರೈತರಿಗೆ ತಿಳಿಹೇಳುವುದು ಅವಳ ಕೆಲಸ. ಊರವರೆಲ್ಲ ಅಬ್ರಾರನ ಕಡೆ ಕೈ ತೋರಿಸಿದ್ದರು. ಅವನು ಸುಡುವುದು ಬಿಟ್ಟರೆ ತಾವೂ ಬಿಡುತ್ತಾರಂತೆ. ಅತ್ತ ಅಫಜಲಪುರದ ಮನೆಯಲ್ಲಿ ಅವಳ ಅಬ್ಬಾ ರಂಜಾನಿನವರೆಗೆ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಒಂದೂರಾದರೂ ಅವಳ ಮಾತು ಕೇಳಿದರೆ ಕೆಲಸ ಮುಂದುವರಿಸಬಹುದು, ಇಲ್ಲವಾದರೆ ಸೊಲ್ಲಾಪುರದ ಸಂಬಂಧಕ್ಕೆ ಒಪ್ಪಬೇಕು. ಇದನ್ನು ಅವಳು ಅಬ್ರಾರನಿಗೆ ಹೇಳಲಿಲ್ಲ. ಕನಿಕರಕ್ಕೆ ಒಪ್ಪಿದರೆ ಅದೆಂಥ ಒಪ್ಪಿಗೆ?

“ನನ್ನ ಮೂರು ಎಕರೆ ಹೊಗಿಗಿ ಆಕಾಶ ಬಿಸಿ ಆಗ್ತದೇನ್ರಿ ಮೇಡಂ?” ಬದುವಿನ ಮೇಲೆ ಕೂತು ಅಬ್ರಾರ ಕಣ್ಣಲ್ಲೇ ನಗುತ್ತಿದ್ದ.

“ನಿಮ್ದೊಂದಕ್ಕ ಆಗಂಗಿಲ್ರಿ, ಖರೇ ಅದ. ಆದ್ರ ಎಲ್ಲಾರೂ ಹಿಂಗ ಅಂತಾರ ನೋಡ್ರಿ. ಅದಿರ್ಲಿ, ಇಲ್ಲಿ ಕೈ ಇಡ್ರಿ.”

ಬೀಜಕ್ಕೆಂದು ಕಡಿದ ನಾಲ್ಕು ಸಾಲಿನಲ್ಲಿ ಅವಳು ಬೇಡಿಕೊಂಡು ರವದಿ ಉಳಿಸಿದ್ದಳು. ಅದನ್ನು ಸರಿಸಿದಳು. ನೀರು ಬಿಟ್ಟು ಎಂಟು ದಿನವಾಗಿದ್ದರೂ ಮಣ್ಣು ತಂಪಾಗಿತ್ತು. ಅವನು ಕೈ ಇಟ್ಟ, ತೆಗೆಯಲಿಲ್ಲ. ಅವಳ ಬೆರಳುಗಳು ಗೇಣು ದೂರದಲ್ಲಿದ್ದವು.

“ತಂಪದ. ಮತ್ತ ಇಲಿ, ಹುಳ? ಸುಡದಿದ್ರ ಅವು ಸಾಯ್ತಾವೇನು?”

“ಕೇಳ್ಕೊಂಡು ಬಂದು ನಾಳಿ ಹೇಳ್ತೇನಿ.”

“ಬರ್ರಿ. ನಾ ಏನೂ ಒಪ್ಪಿಲ್ಲ ಮತ್ತ.”

ಹೀಗೆ ಆರು ವಾರ. ಅವಳು ಒಮ್ಮೆಯೂ ಸಿಟ್ಟಾಗಲಿಲ್ಲ. ಅವನ ಒಂದೊಂದು ಅನುಮಾನವನ್ನೂ ಮನೆಗೊಯ್ದು, ಓದಿ, ಫೋನ್ ಮಾಡಿ ಕೇಳಿ, ಉತ್ತರ ತಂದಳು. ಒಂದು ತೀರಿದರೆ ಅವನ ಹತ್ತಿರ ಇನ್ನೊಂದು ತಯಾರು. ಆ ಗಂಡಸಿಗೆ ಅಷ್ಟೊಂದು ಅನುಮಾನಗಳು ಎಲ್ಲಿಂದ ಬರುತ್ತಿದ್ದವೋ.

ಗಡುವಿನ ದಿನ ಅವಳು ಕೇಳಿಯೇಬಿಟ್ಟಳು. “ಕಡೀ ಸಲ ಕೇಳಾಕತ್ತೇನಿ. ಒಪ್ಪಿದ್ರೇನು?”

“ಇನ್ನೂ ಒಂದ ಮಾತು ಉಳದದರಿ,” ಅಂದ ಅವನು, ತುಂಟತನದಿಂದ.

ಮತ್ತೆ ಅವಳು ಬಂದದ್ದು ಹತ್ತು ದಿನ ಬಿಟ್ಟು, ಊರಿಗೆಲ್ಲ ವಿದಾಯ ಹೇಳಲು. ಅಬ್ರಾರನ ಕಬ್ಬು ಕಟಾವಾಗಿತ್ತು. ಮೂರೂ ಎಕರೆಯಲ್ಲಿ ರವದಿ ಹಾಸಿಕೊಂಡು ಬಿದ್ದಿತ್ತು. ಅಕ್ಕಪಕ್ಕದ ಹೊಲಗಳಲ್ಲೂ ಹೊಗೆ ಇರಲಿಲ್ಲ.

“ಸುಟ್ಟಿಲ್ಲ?” ಅವಳು ಬಗ್ಗಿ ರವದಿ ಮುಟ್ಟಿದಳು.

“ಮೂರನೇ ದಿನಾನೇ ಒಪ್ಪಿದ್ದೆ. ಹೇಳಿದ್ರ ನೀವು ಮುಂದಿನ ಊರಿಗಿ ಹೋಗ್ತಿದ್ರಿ. ನೀವು ದಿನಾ ಬರಬೇಕಾಗಿತ್ತು ನನಗ.” ಆಮೇಲೆ ಅವನು ಅವಳ ಕೈಯ ಮೆಹಂದಿ ನೋಡಿದ. ಮುಖದ ನಗು ಹಾಗೇ ನಿಂತುಹೋಯಿತು.

“ಮೊನ್ನಿ ಮಂಗನಿ ಆಯ್ತು, ಸೊಲ್ಲಾಪುರದವರ ಜೋಡಿ ಮದುವಿ ಗಟ್ಟಿ ಆಯ್ತು. ನನ್ನ ಮಾತಿಗಿ ಯಾರೂ ಒಪ್ಪಂಗಿಲ್ಲ ಅಂದ್ಕೊಂಡು ನಾನೇ ಹ್ಞೂಂ ಅಂದೆ.” ಗಡುವಿನ ಕಥೆಯನ್ನೂ ಹೇಳಿದಳು.

“ಅಬ್ಬಾಗ ಹೇಳ್ರಿ. ನನಗ ಹೇಳಿದಂಗ, ಸಮಾಧಾನದಿಂದ.”

“ನೀವು ವಾದ ಮಾಡ್ತಿದ್ರಿ, ನಾ ಜವಾಬ ಕೊಡ್ತಿದ್ದೆ. ಅಬ್ಬಾ ವಾದ ಮಾಡಂಗಿಲ್ರಿ. ಹ್ಞೂಂ ಅಂದಾಗ ಖುಷೀಲೆ ಅತ್ತುಬಿಟ್ರು. ಅವರಿಗಿ ಈಗ ಏನಂತ ಹೇಳ್ಲಿ?”

ಅವನು ಒಂದು ವಾದ ಹೂಡಲಿ, ಒಂದೇ ಒಂದು ಅನುಮಾನ ಎತ್ತಲಿ ಎಂದು ಅವಳು ಕಾದು ನಿಂತಳು. ರಸ್ತೆಯಲ್ಲಿ ಅಫಜಲಪುರದ ಬಸ್ಸು ಹಾರ್ನ್ ಹೊಡೆಯಿತು.

“ನೀವು ಹೇಳೂದು ಖರೇ ಅದರಿ,” ಅಂದ ಅಬ್ರಾರ.