ಮಾನ್‌ಮತ್ ಕತ್ತಿಗೆ ಬಂದ ಹೊಳಪು

"ಅಸಲಿ ಕತ್ತಿ ಮಾರ್ಕೊಂಡು, ಯಾವ್ದೋ ರೆಪ್ಲಿಕಾ ತಂದಿಟ್ಟಿದಾನೆ! ಇಂಥೋರನ್ನ ಮನೆಯೊಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು!"

ಅನುಶ್ರೀ ಅಮೆರಿಕದ ಪಿಸ್ಕಾಟವೇಯಲ್ಲಿದ್ದ ಜಯರಾಮುವಿನ ಮನೆಯೆದುರು ಕಾರು ನಿಲ್ಲಿಸಿ, ಡ್ರೈವ್‌ವೇಯಲ್ಲಿ ಜಜ್ಜಿಹೋಗಿದ್ದ ನಾಲ್ಕು ನಿಂಬೆಹಣ್ಣು ದಾಟಿ, ಚನ್ನಬಸಮ್ಮನವರನ್ನು ಒಳಗೆ ಕರೆತಂದಾಗ ಅವನು ಕನ್ನಡ ಸಂಘದ ಸಮಿತಿಯವರೆದುರು ಹೀಗೆ ಗುಡುಗುತ್ತಿದ್ದ. 'ಇಂಥೋರು' ಎಂಬ ಮಾತಿಗೆ ಅವಳ ಮೈ ಉರಿದುಹೋಯಿತು.

ಸೋಫಾದ ತುದಿಯಲ್ಲಿ ಮೈಸೂರಿನ ರೆಹಾನ್ ಕುಳಿತಿದ್ದ. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗ. ಕನ್ನಡ ಸಂಘದ ಪ್ರದರ್ಶನಕ್ಕೆಂದು ತನ್ನ ಪ್ರೊಫೆಸರರ ಮನೆತನದ ಕತ್ತಿಯನ್ನು ಸಹಿ ಹಾಕಿ ತಂದು, ವಾರದ ಹಿಂದೆ ಅಧ್ಯಕ್ಷ ಜಯರಾಮುವಿನ ಮನೆಯಲ್ಲಿ ಇಟ್ಟಿದ್ದ. ಆಮೇಲೆ ಪ್ರದರ್ಶನದ ಟಿಪ್ಪಣಿ ಬರೆಯಲು ಒಮ್ಮೆ ಬಂದುಹೋಗಿದ್ದ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ, ೧೭೭೮ರ ಮಾನ್‌ಮತ್ ಕಾಳಗದಲ್ಲಿ ಹಿಮ್ಮೆಟ್ಟುತ್ತಿದ್ದ ಅಮೆರಿಕನ್ ಸೈನ್ಯ ತಿರುಗಿ ನಿಂತಿತಲ್ಲ, ಆಗ ಯಾರೋ ಅಧಿಕಾರಿ ಹಿಡಿದಿದ್ದ ಕತ್ತಿಯಂತೆ. ತಂದಾಗ ಹಿತ್ತಾಳೆಯ ಹಿಡಿ ಕಪ್ಪಗಿತ್ತು. ಈಗ ಫಳಫಳ ಹೊಳೆಯುತ್ತಿತ್ತು.

"ಜಯರಾಮು ಅಂಕಲ್ ಕಳಿಸಿದ ಫೋಟೋ ನೋಡಿ ಪ್ರೊಫೆಸರ್ ಐದು ಗಂಟೆಗೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ," ಎಂದ ರೆಹಾನ್. "ಸೀಟೂ ಹೋಗತ್ತೆ, ವೀಸಾನೂ ಹೋಗತ್ತೆ ಆಂಟಿ."

ಚನ್ನಬಸಮ್ಮ ಧಾರವಾಡದ ಠಾಣೆಯಲ್ಲಿ ಮೂವತ್ತು ವರ್ಷ ಹವಾಲ್ದಾರರಾಗಿ ಸವೆದವರು. ಈಗ ಹ್ಯಾರಿಸನ್‌ನಲ್ಲಿ ಅನುಶ್ರೀಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು; ರೆಹಾನ್ ಫೋನ್ ಮಾಡಿದೊಡನೆ ಅವಳು ಇವರನ್ನೇ ಹೊರಡಿಸಿಕೊಂಡು ಬಂದಿದ್ದಳು. ಅವರು ಟಾರ್ಚ್ ಬಿಟ್ಟು, ಹಿಡಿಯ ಮೇಲೆ ಗುಂಡು ತಗುಲಿದ್ದ ತಗ್ಗನ್ನು ರೆಹಾನ್‌ನ ಫೋನಿನ ಹಳೆಯ ಫೋಟೋದೊಂದಿಗೆ ತಾಳೆ ನೋಡಿದರು. ತಗ್ಗಿನ ತಳದಲ್ಲಿ ಚೂರು ಕಪ್ಪು, ಒಂದು ನಾರು, ಒಂದು ಕೆಂಪು ಚುಕ್ಕೆ ಅನುಶ್ರೀಗೂ ಕಂಡವು. ಮೂಲೆಯ ದೇವರಗೂಡಿನ ಹಿತ್ತಾಳೆ ದೀಪಗಳೂ ಅಷ್ಟೇ ಫಳಫಳ ಎನ್ನುತ್ತಿದ್ದವು.

"ಜಯರಾಮು ಅವರ, ಮೊನ್ನಿ ಆಯುಧಪೂಜಾ ಜೋರಾತೇನ್ರಿ?"

"ಎಲ್ಲಿ ಪೂಜೆ? ಈ ಸಲ ಮಾಡೇ ಇಲ್ಲ. ನಾನ್ಯಾಕೆ ಆ ಕತ್ತಿ ಮುಟ್ಲಿ?"

"ಕತ್ತಿ ಮಾತು ನಾ ಎತ್ತೇ ಇಲ್ಲಲ್ರೀ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅನುಶ್ರೀಗೆ ನಗು ತಡೆಯುವುದೇ ಕಷ್ಟವಾಯಿತು.

"ಎಲ್ಲಾರೂ ಕೂಡ್ರಿ," ಎಂದರು ಚನ್ನಬಸಮ್ಮ. "ಇದು ರೆಪ್ಲಿಕಾ ಅಲ್ಲ, ಅದ ಕತ್ತಿ. ತಗ್ಗು ಫೋಟೋದಾಗ ಇದ್ದಂಗ ಐತಿ. ತಳದಾಗ ಹಳೇ ಕಪ್ಪು ಉಳದೈತಿ. ಹೊಸಾ ಕತ್ತಿಗೆ ಅದು ಎಲ್ಲಿಂದ ಬರಬೇಕು? ಆ ನಾರು ಹುಣಸಿಹಣ್ಣಿಂದು, ಕೆಂಪು ಕುಂಕುಮ. ಕತ್ತಿ ಕದ್ದಾವ ಹುಣಸಿಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಇಡ್ತಾನೇನು? ಪೂಜಾ ಮಾಡೇ ಇಲ್ಲಂದ್ರಿ. ಹಂಗಾರ ಕಾರಿನ ಗಾಲಿಗೆ ಸಿಕ್ಕ ನಾಕು ಲಿಂಬಿಹಣ್ಣು ಯಾರವು?"

ಜಯರಾಮುವಿನ ದನಿ ಉಡುಗಿತು. "ಆಯುಧ ಮನೇಲಿಟ್ಕೊಂಡು ಹಾಗೇ ಬಿಡೋದಾ ಅನ್ನಿಸ್ತು… ಕೊಳೆ ಅಂತ ಉಜ್ಜಿದೆ. ಹಳೇ ಕತ್ತಿಗೆ ಆ ಕಪ್ಪಿಂದಲೇ ಬೆಲೆ ಅಂತ ಆಮೇಲೆ ಗೂಗಲ್ ಮಾಡಿದಾಗ ಗೊತ್ತಾಯ್ತು."

"ತಿಕ್ಕಿದ್ದು ಗೊತ್ತಿಲ್ಲದ ಆತು. ಈ ಹುಡುಗನ ಮ್ಯಾಲೆ ಹಾಕಿದ್ದು ಗೊತ್ತಿದ್ದ ಹಾಕೀರಿ."

ಸಮಿತಿಯವರು ನೆಲ ನೋಡಿದರು. ಇಷ್ಟು ಹೊತ್ತು ಅವರೂ ತಲೆಯಾಡಿಸಿದವರೇ.

"ಸಾರಿ ರೆಹಾನ್," ಎಂದು ಜಯರಾಮು ಹೆಗಲ ಮೇಲೆ ಕೈಯಿಡಲು ಬಂದ. ರೆಹಾನ್ ಪಕ್ಕಕ್ಕೆ ಸರಿದು, ಪ್ರೊಫೆಸರರ ನಂಬರು ಒತ್ತಿ ಫೋನನ್ನು ಟೇಬಲ್ಲಿನ ಮೇಲಿಟ್ಟ. ಐದಕ್ಕೆ ಹತ್ತು ನಿಮಿಷವಿತ್ತು.

"ಸ್ಪೀಕರ್ ಆನ್ ಇದೆ, ಅಂಕಲ್. ಯಾರು ಮಾಡಿದ್ದು ಅಂತ ಹೇಳಿ. 'ಇಂಥೋರು' ಅಂದ್ರೆ ಯಾರು ಅಂತಾನೂ ಹೇಳಿ."

ಆ ಕಡೆಯಿಂದ "ಹಲೋ" ಎಂದಿತು. ಎಲ್ಲರೂ ಜಯರಾಮುವಿನ ಬಾಯನ್ನೇ ನೋಡುತ್ತ ಕುಳಿತರು.