ಬಾಗಿಲು ತಟ್ಟುವ ಆಟ

"ಅದೊಂದನ್ನ ಬಿಟ್ಟು ಬೇರೆ ಯಾವುದು ಬೇಕಾದ್ರೂ ತಗೊಂಡು ಹೋಗಿ," ಎಂದಳು ಅಂಗಡಿಯಾಕೆ. ದನಿ ಎತ್ತರಿಸಲಿಲ್ಲ. ಆ ಡಬ್ಬಿ ಎಲ್ಲಿ ತಾಕಿಬಿಡುತ್ತದೋ ಎನ್ನುವಂತೆ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡಳು.

ಅದು ಹಳೆಯ ವಿಡಿಯೊ ಗೇಮ್‌ಗಳ ಅಂಗಡಿ. ಅವನು ಆರಿಸಿಟ್ಟ ಮೂರು ಡಬ್ಬಿಗಳಲ್ಲಿ ಒಂದಕ್ಕೆ ಕಪ್ಪು ದಾರವನ್ನು ಬಿಗಿಯಾಗಿ ಸುತ್ತಿ, ಗಂಟಿನ ಮೇಲೆ ಮೇಣ ಸುರಿದಿದ್ದರು. ಮೇಲೆ ಆಟದ ಹೆಸರಿರಲಿಲ್ಲ. ಮುಸ್ಸಂಜೆಯ ಒಂದು ಬೀದಿ, ಸಾಲು ಮನೆಗಳು, ಮುಚ್ಚಿದ ಬಾಗಿಲುಗಳು. ಅಷ್ಟೇ.

"ಯಾಕೆ, ಕಚ್ಚುತ್ತಾ?"

"ಮಾಟ ಮಾಡಿಸಿರೋದು. ಅದನ್ನ ಆಡಿದವರಿಗೆ ನಮ್ಮವರು ಅನ್ನೋರು ಯಾರೂ ಉಳಿಯಲ್ಲ."

ಅವನಿಗೆ ನಗು ಬಂತು. "ನನಗಿರೋರೇ ಬೆರಳೆಣಿಕೆ ಜನ. ನಿಮ್ಮ ಮಾಟಗಾರನಿಗೆ ಕೆಲಸ ಕಮ್ಮಿ ಬಿಡಿ."

ಅವಳು ನಗಲಿಲ್ಲ. ಡಬ್ಬಿಯನ್ನು ಅವನೇ ಎತ್ತಿ ಚೀಲಕ್ಕೆ ಹಾಕಿಕೊಂಡ.

ಕಟ್ಟುಹಲ್ಲು ತಯಾರಿಸುವುದು ಅವನ ಕಸುಬು. ಆ ಕೆಲಸಕ್ಕೆಂದೇ ಈ ಊರಿಗೆ ಬಂದಿದ್ದ. ಯಾರದೋ ಬಾಯಿಗೆ ನಗು ಜೋಡಿಸುತ್ತ ದಿನವಿಡೀ ಕೂರುವವನಿಗೆ ತಾನು ನಗಲು ಜೊತೆ ಇರಲಿಲ್ಲ. ಕಾರ್ಖಾನೆಯ ಯಜಮಾನರು, ಕೆಳಮನೆಯಲ್ಲಿದ್ದ ಮನೆ ಒಡತಿ ಅಜ್ಜಿ, ಸಂಜೆ ಫೋನು ಮಾಡುವ ಅಕ್ಕ, ಇಷ್ಟೇ ಅವನ ಲೋಕ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಹಾದಿ. "ಈ ಭಾನುವಾರನಾದ್ರೂ ಬಾರೋ ಗುಂಡ," ಎನ್ನುತ್ತಿದ್ದಳು. "ಮುಂದಿನ ವಾರ ಖಂಡಿತ," ಎನ್ನುತ್ತಿದ್ದ. ರಜೆಯಲ್ಲಿ ಹೊಸದಾಗಿ ಕೊಂಡ ಆಟಗಳನ್ನು ಆಡಿ, ಅವು ಹೇಗಿವೆಯೆಂದು ಅಂತರ್ಜಾಲದಲ್ಲಿ ಬರೆಯುವುದು ಅವನ ಹುಚ್ಚು. ಯಾರು ಓದುತ್ತಿದ್ದರೋ ಗೊತ್ತಿಲ್ಲ. ಬರೆಯುತ್ತಿರುವಷ್ಟು ಹೊತ್ತು ಯಾರ ಜೊತೆಗೋ ಮಾತಾಡಿದಂತಾಗುತ್ತಿತ್ತು.

ಶನಿವಾರ ಎರಡು ಆಟ ಮುಗಿದವು. ಕಾರ್ ರೇಸಿನ ಬಗ್ಗೆ ಬರೆದ: "ಬಣ್ಣ ಕಣ್ಣಿಗೆ ಹಬ್ಬ. ಆದರೆ ತಿರುವಿನಲ್ಲಿ ಕಾರು ಸೋಪಿನ ಮೇಲೆ ಕಾಲಿಟ್ಟ ಎಮ್ಮೆಯ ಹಾಗೆ ಜಾರುತ್ತದೆ." ಕತ್ತಿವರಸೆಯ ಆಟಕ್ಕೆ: "ಏಟು ಬಿದ್ದ ಮೇಲೆ ವೈರಿ ಯೋಚನೆ ಮಾಡಿ ಸಾಯುತ್ತಾನೆ." ಬರೆದು ತಾನೇ ನಕ್ಕ. ನಗು ಗೋಡೆಗೆ ಬಡಿದು ಅವನ ಬಳಿಗೇ ಬಂತು.

ಭಾನುವಾರ ಮಧ್ಯಾಹ್ನ ಮೂರನೆಯದರ ದಾರ ಕತ್ತರಿಸಿದ. ಡಿಸ್ಕಿನ ಕೆಳಗೆ ಉದ್ದನೆಯ ಕೂದಲೊಂದನ್ನು ಉಂಗುರದಂತೆ ಸುತ್ತಿ ಮೇಣದಲ್ಲಿ ಅಂಟಿಸಿದ್ದರು. ಉಗುರಿನಿಂದ ಕೆರೆದು ಬಿಸಾಡಿದ. ಡಿಸ್ಕ್ ತಿರುಗತೊಡಗಿದ್ದೇ ತಡ, ಗೇಮ್ ಪೆಟ್ಟಿಗೆಯ ಜಾಲರಿಯಿಂದ ಸುಟ್ಟ ಕೂದಲಿನ ವಾಸನೆ ಹೊರಟಿತು.

ಪರದೆಯ ಮೇಲೆ ಅದೇ ಬೀದಿ. ವೈರಿಗಳಿಲ್ಲ, ಅಂಕಗಳಿಲ್ಲ, ಸಂಗೀತವೂ ಇಲ್ಲ. ಒಬ್ಬ ಬೆನ್ನು ಮಾಡಿ ನಿಂತಿದ್ದ. ಗುಂಡಿ ಒತ್ತಿದರೆ ನಡೆದು ಹೋಗಿ ಬಾಗಿಲು ತಟ್ಟುತ್ತಿದ್ದ. ಮೊದಲ ಬಾಗಿಲು ತೆರೆದದ್ದು ಸೊಂಟದಲ್ಲಿ ಬೀಗದ ಕೈ ಗೊಂಚಲಿದ್ದ ಒಬ್ಬ ಮುದುಕಿ. "ಬಂದ್ಯಾ ಮಗನೇ? ಊಟ ಆಯ್ತಾ?" ಅವನು ಒಳಗೆ ಹೋಗಿ ಹೊರಬಂದ ಮೇಲೆ ಆ ಮನೆಯ ದೀಪ ಆರಿತು. ಎರಡನೆಯ ಮನೆಯಲ್ಲಿ ಅಂಗಿಯ ತುಂಬ ಬಿಳಿ ಪುಡಿ ಮೆತ್ತಿಕೊಂಡಿದ್ದ ಹಿರಿಯ ಹೆಗಲು ತಟ್ಟಿ ಕೂರಲು ಸ್ಟೂಲು ಎಳೆದುಕೊಟ್ಟ. ಆ ದೀಪವೂ ಆರಿತು.

ಇಂಥ ಆಟ ಅವನು ಆಡಿರಲೇ ಇಲ್ಲ. "ಬಹಳ ದಿನಗಳ ಮೇಲೆ ನನ್ನನ್ನು ಯಾರೋ ಒಳಗೆ ಕರೆದರು," ಎಂದು ಬರೆದ. ಬೀದಿಯ ಕೊನೆಯಲ್ಲಿ ಇನ್ನೊಂದು ಮನೆಯಿತ್ತು. ಒಳಗೆ ಯಾರೋ ಹೆಂಗಸು ಕೆಮ್ಮುತ್ತಿದ್ದಳು. ಎಲ್ಲೋ ಕೇಳಿದ ಕೆಮ್ಮು. ಕಣ್ಣು ಉರಿಯುತ್ತಿತ್ತು. ನಾಳೆಗಿರಲಿ ಎಂದು ಆರಿಸಿ ಮಲಗಿದ.

ಸೋಮವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೊಂಟದ ಬೀಗದ ಕೈ ಗೊಂಚಲನ್ನು ಬಿಗಿಹಿಡಿದು ಒಳಗೆ ಸರಿದು ಚಿಲಕ ಹಾಕಿಕೊಂಡಳು. ಕಾರ್ಖಾನೆಯಲ್ಲಿ ಯಜಮಾನರು ಎದ್ದು ಬಂದು ಅಡ್ಡ ನಿಂತರು.

"ಹೊರಗಿನವರನ್ನ ಒಳಗೆ ಬಿಡಲ್ಲ ಸಾರ್. ಅಳತೆ ಕೊಡೋದಿದ್ರೆ ಡಾಕ್ಟರ ಹತ್ರ ಹೋಗಿ."

"ತಮಾಷೆ ಸಾಕು ಯಜಮಾನ್ರೇ. ನಾನು."

"ನೀವು ಅಂದ್ರೆ?"

ಅವರ ಕಣ್ಣಲ್ಲಿ ತಮಾಷೆಯ ಎಳೆಯೂ ಇರಲಿಲ್ಲ. ಒಳಗೆ, ಶುಕ್ರವಾರ ಅವನು ಅರ್ಧ ಮಾಡಿಟ್ಟ ಹಲ್ಲಿನ ಸೆಟ್ಟು ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಯಜಮಾನರ ಅಂಗಿಯ ತುಂಬ ಬಿಳಿ ಪ್ಲಾಸ್ಟರ್ ಪುಡಿ. ಆಟದ ಎರಡನೆಯ ಮನೆಯ ಹಿರಿಯನ ಅಂಗಿಯಲ್ಲೂ ಅದೇ ಪುಡಿ.

ದಿಕ್ಕು ತೋಚದೆ ಬೀದಿ ಬೀದಿ ಅಲೆದ. ಸಂಜೆಯಾಗುತ್ತಿರುವಾಗ ಕಾಲುಗಳು ಗೇಮ್ ಅಂಗಡಿಗೇ ಬಂದಿದ್ದವು. ಅಂಗಡಿಯಾಕೆ ನೋಡಿದ ಕೂಡಲೇ ಗುರುತು ಹಿಡಿದಳು.

"ನಿಮಗೆ ನಾನು ಗೊತ್ತಾ?" ಎಂದ ಅವನು.

"ನಾನು ನಿಮಗೆ ಯಾರೂ ಅಲ್ಲವಲ್ಲ. ಅದಕ್ಕೇ ನೆನಪಿದೀರಿ." ಮುಂದಿದ್ದ ಡಬ್ಬಿಗಳನ್ನು ಸರಿಸಿಟ್ಟಳು. "ಮಾಟ ಮಾಡಿಸಿದ್ದು ನಾನೇ ಅಂತೆ. ಗಂಡ ಹಗಲೂ ರಾತ್ರಿ ಆಟಕ್ಕೆ ಅಂಟಿಕೊಂಡಿದ್ನಂತೆ. ಅವನಿಗೆ ನಾವು ಬೇಡ ಅಂದ್ರೆ ನಮಗೂ ಅವನು ಬೇಡ ಅಂತ ಹೇಳಿ ನಾನೇ ಕಟ್ಟಿಸಿದೆನಂತೆ. ಮನೇಲಿ ಫೋಟೊ ಇದೆ. ನನ್ನ ಪಕ್ಕ ಒಬ್ಬರು ನಿಂತಿದಾರೆ. ಯಾರೋ ಏನೋ."

"ಬಿಡಿಸೋದು ಹೇಗೆ?"

"ಹೋದವರು ಹೋದ್ರು. ಬಾಗಿಲು ಉಳಿದಿದೆಯಾ?"

"ಒಂದು."

"ಹಾಗಾದ್ರೆ ಇಲ್ಲೇನು ಮಾಡ್ತಿದೀರಿ? ಅದು ನಿಮಗೋಸ್ಕರ ಕಾಯಲ್ಲ."

ಅವನು ಓಡಿದ. ಮೆಟ್ಟಿಲ ಮೇಲೆಯೇ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಕೋಣೆ ಕತ್ತಲಾಗಿತ್ತು. ಪರದೆ ಮಾತ್ರ ಉರಿಯುತ್ತಿತ್ತು. ಬೀದಿಯ ಕೊನೆಯ ಮನೆಯತ್ತ ಆ ಬೆನ್ನು ತಾನಾಗಿಯೇ ನಡೆದು ಹೋಗುತ್ತಿತ್ತು. ತಾನು ಬೆಳಿಗ್ಗೆ ತೊಟ್ಟ ಅಂಗಿ. ತನ್ನದೇ ಬಾಗಿದ ಹೆಗಲು. ಪ್ಲಗ್ ಕಿತ್ತ. ಪರದೆ ಆರಲಿಲ್ಲ. ಆ ಆಕೃತಿ ಕೈ ಎತ್ತಿತು.

ಫೋನು ಬಡಿದುಕೊಂಡಿತು. ಅಕ್ಕ.

"ಗುಂಡ, ಒಂಚೂರು ತಡಿಯೋ. ಯಾರೋ ಬಾಗಿಲು ತಟ್ತಿದಾರೆ, ನೋಡಿ ಬರ್ತೀನಿ."

"ತೆಗೀಬೇಡ. ಅಕ್ಕ, ದಮ್ಮಯ್ಯ ಅಂತೀನಿ, ತೆಗೀಬೇಡ."

"ಯಾಕೋ?" ಕೆಮ್ಮಿದಳು. ಅದೇ ಕೆಮ್ಮು ಪರದೆಯೊಳಗಿಂದಲೂ ಬಂತು. "ಹೊರಗೆ... ನಿನ್ನ ದನಿ ಕಣೋ. ಅಕ್ಕ, ನಾನು ಬಂದಿದೀನಿ, ಅಂತಿದಾನೆ."

"ಅದು ನಾನಲ್ಲ. ನಾನು ಇಲ್ಲಿದೀನಿ. ನಿನ್ನ ಜೊತೆ ಮಾತಾಡ್ತಿರೋನು ನಾನು."

ಒಂದು ಕೈಯಲ್ಲಿ ಫೋನು ಹಿಡಿದೇ ಗೇಮ್ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದ. ಡಿಸ್ಕನ್ನು ಎಳೆದ. ನೆಲಕ್ಕೊತ್ತಿ ಮುರಿದ. ಚೂಪು ಅಂಚು ಅಂಗೈ ಸೀಳಿತು. ನೆತ್ತರು ಹರಿಯಿತು. ಪರದೆ ಕಪ್ಪಾಯಿತು. ಕೋಣೆಯಲ್ಲಿ ಗವ್ವೆನ್ನುವ ಕತ್ತಲು.

"ಅಕ್ಕ? ನಿಲ್ತಾ?"

"ತಟ್ಟೋದು ನಿಂತಿದೆ," ಎಂದಳು. ಅವನು ಉಸಿರು ಬಿಟ್ಟ. ಸೀಳಿದ ಅಂಗೈಯನ್ನು ಅಂಗಿಗೆ ಒತ್ತಿಕೊಂಡ. "ಈಗ್ಲೇ ಹೊರಟು ಬರ್ತೀನಿ ಅಕ್ಕ. ಸಿಕ್ಕಿದ ಬಸ್ಸು ಹತ್ತಿ ಬರ್ತೀನಿ. ಯಾರಿಗೂ ಬಾಗಿಲು ತೆಗೀಬೇಡ."

ಫೋನಿನಲ್ಲಿ ಮೆಲ್ಲನೆ ಬಿಕ್ಕಿ ಅಳುವ ಸದ್ದು ಕೇಳಿಸಿತು. ಅಕ್ಕನದಲ್ಲ.

"ಹೊಸ್ತಿಲ ಮೇಲೆ ಕೂತು ಅಳ್ತಿದಾನೆ ಕಣೋ. ಚಿಕ್ಕವನಿದ್ದಾಗ ನೀನು ಅಳ್ತಿದ್ದ ಹಾಗೇ."

"ಕಿವಿ ಮುಚ್ಕೋ. ನಾನು ಬರ್ತಿದೀನಲ್ಲ."

"ಬರ್ತೀನಿ ಬರ್ತೀನಿ ಅಂತ ಎಷ್ಟು ಸಲ ಅಂದೆ ಹೇಳು," ಎಂದಳು ಅಕ್ಕ. ಸಿಟ್ಟಿರಲಿಲ್ಲ, ದಣಿವಿತ್ತು. "ಇವನು ಬಂದೇ ಬಿಟ್ಟಿದಾನಲ್ಲೋ."

"ಅಕ್ಕ, ಬೇಡ."

ಚಿಲಕ ಸರಿಯಿತು. ಬಾಗಿಲು ಕಿರುಗುಟ್ಟಿತು. ಅವನು ಕೂಗಿದ. ಅಕ್ಕಾ. ಅಕ್ಕಾ. ಅಕ್ಕಾ. ದೂರದಲ್ಲಿ ಅವಳು ನಗುತ್ತಿದ್ದಳು. ಬಹಳ ದಿನಗಳಿಂದ ಅವನು ಕೇಳದಿದ್ದ ನಗು.

"ಎಷ್ಟು ಬಡವಾಗಿದೀಯೋ. ಬಾ, ಒಳಗೆ ಬಾ. ತಡಿ, ಫೋನಲ್ಲಿ ಯಾರೋ ಪಾಪ ಕೂಗ್ತಾನೇ ಇದಾರೆ."

ಯಾರೋ ಅವಳ ಕೈಯಿಂದ ಫೋನು ತೆಗೆದುಕೊಂಡಂತಾಯಿತು. ಒಂದು ಉಸಿರು. ಆಮೇಲೆ ಅವನದೇ ದನಿ, ಅವನಿಗಿಂತ ಮೆತ್ತಗೆ, ಅವನಿಗಿಂತ ಅಕ್ಕರೆಯಿಂದ ಹೇಳಿತು:

"ರಾಂಗ್ ನಂಬರ್, ಅಕ್ಕ. ಇಟ್ಟುಬಿಡ್ತೀನಿ."